ಯಲ್ದೂರಿನ ಬಾದಾಮಿಗೆ ಜಾಗ ಸಿಗದ ದಿನ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬೆಂಗಳೂರಿನ ಒಂದು ವಿಮಾನಯಾನ ಸಂಸ್ಥೆಯ ನೆಟ್‌ವರ್ಕ್ ಪ್ಲಾನಿಂಗ್ ವಿಭಾಗದಲ್ಲಿ ಹಿರಿಯ ಮ್ಯಾನೇಜರ್ ಆಗಿದ್ದೆ. ಯಾವ ವಿಮಾನ ಯಾವ ಊರಿಗೆ ಹಾರಬೇಕೆಂದು ಲೆಕ್ಕ ಹಾಕುವುದು ನಮ್ಮ ಕೆಲಸ. ಆ ಬೇಸಿಗೆಯಲ್ಲಿ ದೂರ ಹಾರುವ ಹೊಸ ವಿಮಾನವೊಂದು ಬಂದಿತ್ತು. ಅದನ್ನು ಯೂರೋಪಿಗೆ ಹಾಕಬೇಕೋ ಜಪಾನಿಗೋ ಎಂಬುದು ಪ್ರಶ್ನೆ.

ಇಂಥ ತೀರ್ಮಾನಕ್ಕೆ ಪ್ರಯಾಣಿಕರು ಸಿಕ್ಕರಷ್ಟೇ ಸಾಲದು. ಅಲ್ಲಿನ ನಿಲ್ದಾಣ ಇಳಿಯಲು ಅನುಕೂಲದ ಹೊತ್ತು ಕೊಡಬೇಕು, ಇಂಧನದ ಖರ್ಚು ಗಿಟ್ಟಬೇಕು, ಸೀಟುಗಳ ಕೆಳಗಿನ ಕಾರ್ಗೋ ಜಾಗವೂ ತುಂಬಬೇಕು. ನಾನು ಯೂರೋಪಿನ ಪರ. ಸೀಟು ಖಾಲಿ ಉಳಿದ ದಿನ ಶ್ರೀನಿವಾಸಪುರದ ಮಾವು, ಮಾಲೂರಿನ ತರಕಾರಿ ಕೈಹಿಡಿಯುತ್ತವೆ ಎಂಬುದು ನನ್ನ ವಾದ. ಕೆಲವು ವಾರ ಹಾರಿಸಿ ನೋಡಲು ಒಪ್ಪಿಗೆ ಸಿಕ್ಕಿತು.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿಗೆ ನಾನೇ ಹೋದೆ. ಬಾದಾಮಿ ಮಾವು ಬೆಳೆಗಾರರ ಗುಂಪಿನ ಮುಂದಾಳು ನಾರಾಯಣಮ್ಮ ತೋಟದಲ್ಲೇ ನಿಂತು ಕೇಳಿದರು: "ಮೇಡಮ್ಮಾ, ಕಿತ್ತ ಮೇಲೆ ಕಾಯಿ ನಿಲ್ಲಲ್ಲ. ಜಾಗ ಇದ್ದೇ ಇರ್ತದಾ?"

"ಇಲ್ಲ ಅಂತಾದ್ರೆ ಮೊದಲು ನಿಮಗೇ ಫೋನ್ ಮಾಡ್ತೀನಿ."

ಮಾವಿನ ಮೊದಲ ಲೋಡ್ ಹೊರಟ ಬೆಳಿಗ್ಗೆಯೇ ದಾರಿಯ ದೇಶವೊಂದು ತನ್ನ ವಾಯುಮಾರ್ಗ ಮುಚ್ಚಿತು. ವಿಮಾನ ಸುತ್ತಿ ಹೋಗಬೇಕು, ಹೆಚ್ಚು ಇಂಧನ ತುಂಬಬೇಕು. ಬೆಂಗಳೂರು ಎತ್ತರದ ಊರು. ಹೊರಡುವ ಹೊತ್ತಾದ ಮಧ್ಯಾಹ್ನದ ಬಿಸಿಲಿಗೆ ಗಾಳಿ ತೆಳುವಾದರೆ ವಿಮಾನ ಎತ್ತಬಲ್ಲ ಭಾರ ಇನ್ನೂ ಕಡಿಮೆ. ತೂಕದ ಲೆಕ್ಕ ನೋಡುವ ಲೋಡ್ ಕಂಟ್ರೋಲ್‌ನವರು ಮಾವಿಗೆ ಜಾಗವಿಲ್ಲ ಎಂದರು. ಲಾರಿ ಇನ್ನೂ ಕೋಲಾರ ಮುಟ್ಟಿರಲಿಲ್ಲ.

ಪ್ರಾಯೋಗಿಕ ಹಾರಾಟ ಮುಗಿಯುತ್ತ ಬಂದಿತ್ತು; ಮಾರ್ಗ ತೀರ್ಮಾನಿಸುವ ಸಭೆಯೂ ಅಂದೇ. ನಮ್ಮ ವಿಭಾಗದ ನಿರ್ದೇಶಕರು ದನಿ ತಗ್ಗಿಸಿ, "ಲಾರಿ ಬರ್ಲಿ ಬಿಡಿ. ಸರಕು ಬಂದು ನಿಂತಿದೆ ಅಂತ ತೋರಿಸಿದ್ರೆ ನಮ್ಮ ವಾದ ಗೆಲ್ಲುತ್ತೆ. ಹಣ್ಣಿನ ವಿಷಯ ಆಮೇಲೆ ನೋಡೋಣ" ಎಂದರು.

ನಿಲ್ದಾಣದ ಶೀತಲಗೃಹ ತುಂಬಿತ್ತು. ಹೊರಗೆ ಶೆಡ್ಡಿನ ತಗಡು ಬಿಸಿಲಿಗೆ ಕಾದಿತ್ತು. ಲಾರಿ ತಿರುಗಿದರೆ ತಿಂಗಳುಗಟ್ಟಲೆ ಕಟ್ಟಿದ ವಾದ ಅಂದೇ ಮುಗಿದಂತೆ. ಕಾರಿಡಾರಿಗೆ ಹೋಗಿ ಫೋನ್ ಹಚ್ಚಿದೆ.

"ನಾರಾಯಣಮ್ಮನೋರೆ, ಇವತ್ತು ಜಾಗ ಇಲ್ಲ. ಲಾರಿ ವಾಪಸ್ ಕರೆಸಿ. ಮಂಡಿ ಮುಗಿಯೋದ್ರೊಳಗೆ ಹಣ್ಣು ಇಳಿಸಿಬಿಡಿ."

ಆ ಕಡೆ ಅವರು ಯಾರಿಗೋ ತೆಲುಗಿನಲ್ಲಿ, "ಬಂಡಿ ತಿಪ್ಪಮನು ರಾ!" ಎಂದು ಕೂಗಿದ್ದು ಕೇಳಿಸಿತು. ಲಾರಿ ತಿರುಗಿತು.

ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ವಿಮಾನ ಜಪಾನಿನ ಪಾಲಾಯಿತು. ನಿರ್ದೇಶಕರು ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಮರುವರ್ಷ ಇನ್ನೊಂದು ವಿಮಾನ ಬಂತು. ಈ ಸಲ ಬೆಳಗಿನ ತಂಪಿನಲ್ಲಿ ಹೊರಡುವಂತೆ ಹೊತ್ತು ಕೇಳಿದೆವು; ಅತಿ ಉದ್ದದ ಸುತ್ತುದಾರಿಯನ್ನೇ ಹಿಡಿದು ಕಾರ್ಗೋ ಲೆಕ್ಕ ಹಾಕಿದೆವು. ಯೂರೋಪಿಗೆ ಒಪ್ಪಿಗೆ ಸಿಕ್ಕಿತು. ಅಳುಕುತ್ತಲೇ ಯಲ್ದೂರಿಗೆ ಹೋದೆ.

ನಾರಾಯಣಮ್ಮ ನೀರು ಕೊಟ್ಟು ಕೂರಿಸಿದರು. "ಆವತ್ತು ಸಿಕ್ಕಿದ ರೇಟಿಗೆ ಮಾರ್ದೆ. ಮಾರೋಕೆ ಹಣ್ಣಾದ್ರೂ ಉಳೀತಲ್ಲ. ಈಗ ಹೇಳಿ ಮೇಡಮ್ಮಾ, ಎಲ್ಲಾ ಕೆಟ್ಟು ಕೂತ ದಿನ ನಿಮ್ ವಿಮಾನ ಎಷ್ಟು ಹೊರ್ತದೆ? ಅಷ್ಟೇ ಕೀಳಿಸ್ತೀನಿ."

ನಾನು ಹೇಳಿದ್ದು ಚಿಕ್ಕ ಅಂಕಿ. ಅವರು ತಲೆಯಾಡಿಸಿ ಆಳುಗಳನ್ನು ಕರೆದರು. ಮಾರ್ಗವೊಂದನ್ನು ಅದರ ಕೆಟ್ಟ ದಿನದಿಂದ ಅಳೆಯಬೇಕು, ಆ ಅಳತೆಯನ್ನು ಕಾಯಿ ಕೀಳುವ ಮುಂಚೆಯೇ ತೋಟಕ್ಕೆ ಹೇಳಬೇಕು. ಇಷ್ಟನ್ನು ಕಲಿಯಲು ನನಗೆ ಒಂದು ವಿಮಾನವನ್ನೇ ಬಿಟ್ಟುಕೊಡಬೇಕಾಯಿತು.