ಭೋಗ್ಯದ ಮಿಷನ್, ಮುಯ್ಯಿಯ ಗದ್ದೆ

ಹಳ್ಳಿಮೈಸೂರಿನ ಗದ್ದೆ ಬಯಲಲ್ಲಿ ಮಂಜು ಇನ್ನೂ ಹರಿದಿಲ್ಲ. ಭಾನುಪ್ರಿಯಾ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಭತ್ತ ಕೊಯ್ಯುವ ಮಿಷನ್ನಿನ ಹೊಟ್ಟೆಗೆ ಕೈ ಹಾಕಿ ನಿನ್ನೆ ಸಿಕ್ಕಿಕೊಂಡ ಹುಲ್ಲು ಎಳೆಯುತ್ತಿದ್ದಾರೆ. ಇಬ್ಬನಿ ಆರುವ ತನಕ ಗದ್ದೆಗೆ ಇಳಿಯುವಂತಿಲ್ಲ. ಒದ್ದೆ ಪೈರು ಮಿಷನ್ನಿಗೆ ಸುತ್ತಿಕೊಳ್ಳುತ್ತದೆ. ಅಷ್ಟರೊಳಗೆ ಗ್ರೀಸು, ಡೀಸೆಲ್ಲು, ಒಂದು ಲೋಟ ಕಾಫಿ ಎಲ್ಲ ಮುಗಿಯಬೇಕು. ಬಿಸಿಲೇರಿದ ಮೇಲೆ ಹತ್ತಿ ಕೂತರೆ ದಿನಕ್ಕೆ ಆರೇಳು ಎಕರೆ ಕೊಯ್ಯುತ್ತಾರೆ.

ಈ ಮಿಷನ್ ಯಾರದು ಎಂದು ಕೇಳಿದರೆ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಯೋಚಿಸುತ್ತಾರೆ. ಸಮುದ್ರದಾಚೆಯ ಯಾವುದೋ ಕಂಪನಿಯದಂತೆ. ಅವರು ಬೆಂಗಳೂರಿನವರಿಗೆ ಕೊಟ್ಟಿದ್ದಾರೆ, ಬೆಂಗಳೂರಿನವರು ಹಾಸನದ ಕಚೇರಿಗೆ, ಹಾಸನದವರು ಇವರಿಗೆ ಲೀಸಿಗೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೂ ಈಗ ಇದೇ ಕಥೆ. ಮಿಷನ್ ಕೊಳ್ಳುವವರಿಗಿಂತ ಲೀಸಿಗೆ ತರುವವರೇ ಹೆಚ್ಚು. ನಮ್ಮ ಸೀಮೆಯ ಭತ್ತ ಕೊಯ್ಲಿಗೆ ಬಂದಿದೆ ಎಂದು ಅಷ್ಟು ದೂರದವರ ಕಿವಿಗೆ ಹಾಕಿದ ಪುಣ್ಯಾತ್ಮ ಯಾರೋ, ದೇವರೇ ಬಲ್ಲ.

ಮೊದಲು ಭಾನುಪ್ರಿಯಾ ಹೆಂಗಸರ ಗುಂಪು ಕಟ್ಟಿಕೊಂಡು ಕುಡುಗೋಲಿನ ಕೊಯ್ಲಿಗೆ ಹೋಗುತ್ತಿದ್ದವರು. ಮಿಷನ್ ಬಂದದ್ದೇ ತಡ, ಗುಂಪು ಚೆದುರಿತು. ಕೂಲಿ ಕಸಿದ ಮಿಷನ್ನನ್ನೇ ಕಲಿತು ಹತ್ತಿದರು. ಬದು ಮುರಿದು ಬೈಸಿಕೊಂಡದ್ದೂ ಉಂಟು. ಗಂಡ ಸೊಂಟ ನೋವಿನಿಂದ ಭಾರ ಎತ್ತುವಂತಿಲ್ಲ. ಮನೆ ನಡೆಯುವುದು ಇದರಿಂದಲೇ.

ಈಗ ಅದೇ ಕೈತಪ್ಪುವ ಹಾಗಿದೆ. ಕಾರಣ ಮುಯ್ಯಿ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ ಅನ್ನುವ ಹಳೇ ರೂಢಿ. ಹೋದ ಸುಗ್ಗಿಯಲ್ಲಿ ಇವರ ಮಿಷನ್ ಕೆಟ್ಟು ಕೂತಿತ್ತು, ಮೇಲೆ ಮೋಡ ಕಟ್ಟಿತ್ತು. ಅರಕಲಗೂಡಿನ ಕಡೆಯ ಧರ್ಮೇಂದ್ರ ತಮ್ಮ ಸ್ವಂತ ಹಳೇ ಮಿಷನ್ ತಂದು ಇವರ ಗದ್ದೆ ಕೊಯ್ದುಕೊಟ್ಟರು, ಬಾಡಿಗೆ ಮುಟ್ಟಲಿಲ್ಲ. ಈ ಸಲ ಅವರ ಮಿಷನ್ ಕೆಟ್ಟಿತು, ಇವರು ಹೋದರು. ಅರ್ಧ ಗದ್ದೆ ಮುಗಿಯುವಷ್ಟರಲ್ಲಿ ಎಂಜಿನ್ ತಟಕ್ಕನೆ ನಿಂತಿತು. ಬಾಡಿಗೆ ಇಲ್ಲದೆ ಬೇರೆಯವರ ಗದ್ದೆಗೆ ಇಳಿಸಬಾರದೆಂಬ ಒಪ್ಪಂದ ಮೀರಿದ್ದಕ್ಕೆ ಕಂಪನಿಯವರು ದೂರದಲ್ಲಿ ಕೂತಲ್ಲಿಂದಲೇ ಎಂಜಿನ್ನಿಗೆ ಬೀಗ ಹಾಕಿದ್ದರು.

ಹಾಸನ ಕಚೇರಿಯ ಗೌತಮ್ ಬೈಕಿನಲ್ಲಿ ಓಡಿಬಂದರು. ಬಾಡಿಗೆಗೆ ಪಡೆದವರು ಯಾರು ಎಂದು ಕೇಳಿದರು. ಯಾರೂ ಇಲ್ಲ. ಹಾಗಾದರೆ ಮಿಷನ್ ಇಲ್ಲೇನು ಮಾಡುತ್ತಿದೆ? ಭತ್ತ ಕೊಯ್ಯುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ. ಪಾಪ, ಗೌತಮ್ ಚನ್ನರಾಯಪಟ್ಟಣದವರೇ, ಮುಯ್ಯಿ ಗೊತ್ತಿಲ್ಲದವರಲ್ಲ. ಅದನ್ನು ಮೇಲಿನವರಿಗೆ ಹೇಗೆ ತಿಳಿಸುವುದೆಂದು ತೋಚದೆ ತಲೆ ಕೆರೆದುಕೊಂಡರು.

ಭಾನುಪ್ರಿಯಾ ನಮ್ಮೆದುರು ಹೇಳಿಕೊಳ್ಳುವ ಗೊಂದಲವೇ ಬೇರೆ. "ಗದ್ದೆ ಭೋಗ್ಯಕ್ಕೆ ಆಕ್ಕಂಡ್ರೆ, ಮುಯ್ಯಾಳು ಯಾಕೆ ಕರ್ದೆ ಅಂತ ಯಾರೂ ಕೇಳಾಕಿಲ್ಲ ಸಾ. ಇದೂ ಅಂಗೇಯ ಅನ್ಕಂಡಿದ್ದೆ. ಎಲ್ಲಿ ತಪ್ಪಾಯ್ತು ಅಂತ ಈಗ್ಲೂ ತಿಳೀತಾ ಇಲ್ಲ."

ಬೀಗ ತೆಗೆಯಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಅವರು ಹಳೇ ಗುಂಪಿನ ಸುಬ್ಬಮ್ಮನನ್ನೂ ಇನ್ನು ಕೆಲವರನ್ನೂ ಕರೆಸಿ, ಹಟ ಹಿಡಿದು ನಿಂತ ಎತ್ತಿನ ಹಾಗಿದ್ದ ಮಿಷನ್ನಿನ ಸುತ್ತ ಬಗ್ಗಿ, ಉಳಿದರ್ಧವನ್ನು ಕೈಯಲ್ಲೇ ಕೊಯ್ದು ಮುಗಿಸಿದ್ದರು.

ಈ ತಿಂಗಳಿಗೆ ಲೀಸು ಮುಗಿಯುತ್ತದೆ. ಬಾಡಿಗೆ ಇಲ್ಲದೆ ಇನ್ನು ಯಾರ ಗದ್ದೆಗೂ ಇಳಿಸುವುದಿಲ್ಲ ಎಂದು ಮಾತು ಕೊಟ್ಟರೆ ಮಿಷನ್ ಇಲ್ಲೇ ಇರುತ್ತದೆ, ಇಲ್ಲವಾದರೆ ವಾಪಸ್. ಒಂದು ಹೂಂ ಅನ್ನಿ ಸಾಕು ಅಕ್ಕ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಗೌತಮ್ ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದಾರೆ. ಗಂಡನೂ ಅದನ್ನೇ ಹೇಳುತ್ತಾರೆ. ಸ್ವತಃ ಧರ್ಮೇಂದ್ರರೂ ಹೂಂ ಅಂದುಬಿಡು ಎಂದು ಹೇಳಿ ಕಳಿಸಿದ್ದಾರೆ. ಹೀಗೆ ಎಲ್ಲರೂ ಒಂದಾಗಿರುವುದು ಅವರಿಗೆ ಇನ್ನಷ್ಟು ಕಕ್ಕಾಬಿಕ್ಕಿ.

ಅವರ ಆಸೆ ದೊಡ್ಡದೇನಲ್ಲ, ಮುಂದಿನ ಸುಗ್ಗಿಗೂ ಮಿಷನ್ ಈ ಅಂಗಳದಲ್ಲೇ ಇರಲಿ ಎಂಬುದಷ್ಟೇ. ಹಾಗಾದರೆ ಒಪ್ಪಿಕೊಳ್ಳಲು ಏನು ಅಡ್ಡಿ ಎಂದರೆ ಮಿಷನ್ನಿನ ಹೊಟ್ಟೆಯಿಂದ ಇನ್ನೊಂದು ಹಿಡಿ ಹುಲ್ಲು ಎಳೆದು ಹಾಕುತ್ತಾರೆ.

"ಹೂಂ ಅಂದ್ಬುಟ್ರೆ ಮಿಷನ್ ಉಳೀತದೆ ಸಾ, ಗೊತ್ತು ನಂಗೆ. ನಾಳೀಕೆ ಮೋಡ ಕಟ್ದಾಗ ಧರ್ಮಣ್ಣ ಬಾ ಅಂತ ಕರುದ್ರೆ, ಯಾವ ಬಾಯಲ್ಲಿ ಬರಾಕಿಲ್ಲ ಅನ್ಲಿ?"