ಕುದುರೆಗಾಲಿನ ಅಕ್ಕಿಕಾಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲ್ಯಾಣದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಪಕ್ಕದ ತಗಡಿನ ಲಾಯದಲ್ಲಿ ಸಾಬವ್ವ ಬಿಳಿ ಹೆಣ್ಣುಕುದುರೆಯ ಮುಂಗಾಲಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಮೊಂಡು ಚಾಕು, ಇನ್ನೊಂದರಲ್ಲಿ ಬಿಸಿನೀರಿಗೆ ಅದ್ದಿದ ಬಟ್ಟೆ. ಕುದುರೆಯ ಹೆಸರು ಜುಯಿ. ಕಪ್ಪು ಕುದುರೆಯಾದರೆ ಹಳದಿ ಚುಕ್ಕಿ ಕಣ್ಣಿಗೇ ಕಾಣುತ್ತದೆ, ಬಿಳಿ ಕೂದಲಲ್ಲಿ ಅಡಗಿದ್ದನ್ನು ಬೆರಳಿಂದ ತಡಕಿ ಹುಡುಕಬೇಕು.

"ಸುಮ್ನ ನಿಂದ್ರ ಅವ್ವಾ. ನಿನ್ನ ಮದವಿ ಏನಲ್ಲ ಇವತ್ತ!" ಎಂದು ಗದರುತ್ತಾರೆ. ಜುಯಿ ಮೂಗಿನಲ್ಲಿ ಬುಸುಗುಟ್ಟುತ್ತಾಳೆ, ನಿಲ್ಲುತ್ತಾಳೆ.

ಕೂದಲಿಗೆ ಗೋಂದು ಹಾಕಿ ಅಂಟಿಸಿದಂತಿರುವ ಹಳದಿ ಚುಕ್ಕಿಗಳನ್ನು ಅವರು ಕೆರೆದು ತೆಗೆಯುತ್ತಾರೆ. ನೋಡಲು ಜೇನುನೊಣದಂತಿರುವ ಒಂದು ನೊಣ ಇಟ್ಟ ಮೊಟ್ಟೆಗಳಿವು. ಆ ನೊಣ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮೊಟ್ಟೆ ಇಟ್ಟು ತನ್ನ ಪಾಡಿಗೆ ಹೋಗುತ್ತದೆ. ಕುದುರೆ ಕಾಲು ನೆಕ್ಕಿದಾಗ ಮರಿಹುಳು ಬಾಯಿ ಸೇರಿ, ಹೊಟ್ಟೆಗಿಳಿದು, ಒಳಗೋಡೆಗೆ ಕೊಕ್ಕೆ ಹಾಕಿ ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಕೂತುಬಿಡುತ್ತದೆ. ಬೆಳೆದ ಮೇಲೆ ಲದ್ದಿಯ ಜೊತೆ ಹೊರಬಿದ್ದು, ಮಣ್ಣು ಸೇರಿ, ಮತ್ತೆ ನೊಣವಾಗುತ್ತದೆ. ಡಾಕ್ಟರು ಅದನ್ನು ಬಾಟ್ ಎನ್ನುತ್ತಾರೆ. ಈ ಲಾಯದಲ್ಲಿ ಮೊಟ್ಟೆಯ ಹೆಸರು ಅಕ್ಕಿಕಾಳು.

ವಿಜಯಪುರದ ಕಡೆಯ ಮದುವೆಗಳಲ್ಲಿ ವಧೂವರರ ತಲೆಯ ಮೇಲೆ ಹಾಕುವ ಅಕ್ಷತೆಗೆ ಅಕ್ಕಿಕಾಳು ಎನ್ನುತ್ತಾರೆ. ಸಾಬವ್ವ ಆ ಕಡೆಯವರು. ಗಂಡ ಸೈದಪ್ಪ ಕಲ್ಯಾಣ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದರು. ರಿಕ್ಷಾಗಳು ಬಂದ ಮೇಲೆ ಟಾಂಗಾ ಹೋಯಿತು, ಅವರು ವಾಶಿಯಲ್ಲಿ ವಾಚ್‌ಮನ್ ಆದರು. ಕುದುರೆಯ ಒಡನಾಟ ಮಾತ್ರ ಹೆಂಡತಿಗೆ ಉಳಿಯಿತು. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಯಶ್ವಂತ್ ಅವರ ಲಾಯಕ್ಕೆ ಸಾಬವ್ವ ದಿನಾ ದಿವಾದ ಮನೆಯಿಂದ ಮೊದಲ ಲೋಕಲ್ ರೈಲು ಹಿಡಿದು ಬರುತ್ತಾರೆ.

ಬಂದ ಹೊಸದರಲ್ಲಿ ಬಾದಲ್ ಎಂಬ ಕುದುರೆಯ ಕಾಲಲ್ಲಿ ಹಳದಿ ಚೂರುಗಳನ್ನು ಕಂಡು ಅರಿಶಿನದ ಅಕ್ಕಿಯೆಂದೇ ಅವರು ತಿಳಿದರು. ಹಿಂದಿನ ದಿನ ಕುದುರೆ ಮದುವೆಗೆ ಹೋಗಿ ಬಂದಿತ್ತು. "ಮಂಗಳದ ಕಾಳಿಗೆ ಕಸಬರಗಿ ಹಚ್ಚಬಾರ್ದು ಅಂತ ಹಂಗ ಬಿಟ್ಟೆ. ಮ್ಯಾಲ ಕೈ ಮುಗದೆ ಬ್ಯಾರೆ!" ಎಂದು ಈಗ ಹೇಳುತ್ತಾರೆ. ಕುಂದಾಪುರದ ಯಶ್ವಂತ್ ಕೂಡ ನೋಡಿ, "ಸೇಸೆ ಅಲ್ವಾ, ಇರ್ಲಿ" ಎಂದಿದ್ದರು. ಅವರ ಕಡೆ ಅಕ್ಷತೆಗೆ ಸೇಸೆ ಎನ್ನುತ್ತಾರೆ. ಮುಂದಿನ ವರ್ಷ ಹೊಟ್ಟೆನೋವಿನಿಂದ ಬಿದ್ದ ಬಾದಲ್ ಏಳಲಿಲ್ಲ. ಹುಳುವೇ ಕಾರಣವೆಂದು ಡಾಕ್ಟರು ಖಡಾಖಂಡಿತ ಹೇಳಲಿಲ್ಲ. ಆದರೆ ಹಳದಿ ಚೂರು ಏನೆಂಬುದನ್ನು ಹೇಳಿಕೊಟ್ಟರು.

ಈ ಸಲದ, ಅಂದರೆ 2013ರ ಮಳೆಗಾಲದಲ್ಲಿ ಜುಯಿ ಸೊರಗಿದಳು.

"ಎಂತ ಸಾಬವ್ವಾ, ಇವಳು ಇಷ್ಟು ಸಪೂರ ಆದ್ರೆ ಹೇಗೆ? ಮದುವೆ ವಿಡಿಯೋದಲ್ಲಿ ಪಕ್ಕೆಲುಬು ಕಾಣ್ತದೆ. ಇಟ್ಟಿಗೆ ಭಟ್ಟಿಯವ ಗಾಡಿಗೆ ಕೇಳಿದ್ದಾನೆ. ಕಾರ್ತಿಕದ ತುಳಸಿ ಮದುವೆ ಆದ್ರೆ ಲಗ್ನದ ಸೀಸನ್ ಶುರು, ಅದರೊಳಗೆ ಮೈ ತುಂಬದಿದ್ರೆ ಕೊಟ್ಟುಬಿಡುವ," ಎಂದರು ಯಶ್ವಂತ್. ಅವರು ಕೆಟ್ಟವರಲ್ಲ. ಕೂತು ತಿನ್ನುವ ಕುದುರೆ ಯಾರಿಗೂ ಪೂರೈಸುವುದಿಲ್ಲ, ಅಷ್ಟೇ.

"ಆಕೀನ ಕೊಟ್ರ ನಾನೂ ಆಕಿ ಹಿಂದ ಇಟ್ಟಂಗಿ ಹೊರಾಕ ಹೋಗ್ತೀನ್ರಿ ಸೇಠ್ರ."

ಡಾಕ್ಟರು ಬಂದು ಜುಯಿಯ ನಾಲಿಗೆಗೆ ಔಷಧ ಹಚ್ಚಿ ಹೋದರು. ಆಮೇಲೆ ಸಾಬವ್ವ ಬೆಳಗಾದರೆ ಕಡ್ಡಿ ಹಿಡಿದು ಲದ್ದಿ ಕೆದಕುತ್ತಿದ್ದರು. ಶೇಂಗಾ ಬೀಜದ ಗಾತ್ರದ ಕೆಂಪು ಹುಳುಗಳು ಬೀಳತೊಡಗಿದಾಗ ಅವರಿಗೆ ಹಬ್ಬ. ಮನೆಯಲ್ಲಿ ಊಟದ ಹೊತ್ತಿಗೆ ಅದನ್ನೇ ಬಣ್ಣಿಸಿದರು. ದಿವಾದಲ್ಲೇ ಹುಟ್ಟಿದ ಮಗಳು ಸೋನಾಲಿ, "ಛೀ ಆಯಿ, ಆಧೀ ಹಾತ್ ಧೂ!" ಎಂದಳು. ಮೊದಲು ಕೈ ತೊಳೆ ಎಂಬುದು ಅವಳ ಮರಾಠಿ. ತೊಳೆದೇ ಕೂತಿದ್ದೆ ಎಂದು ತಾಯಿಗೆ ಈಗಲೂ ಸಿಟ್ಟು.

ಹೊಟ್ಟೆಯೊಳಗಿನದನ್ನು ಔಷಧ ನೋಡಿಕೊಂಡಿತು. ಹೊಸದು ಒಳಹೋಗದಂತೆ ಕಾಯುವುದು ಸಾಬವ್ವನ ಪಾಲು. ಒಂದು ಬೆಳಗ್ಗೆ ತಪ್ಪಿಸಿದರೂ ಕುದುರೆ ಕಾಲು ನೆಕ್ಕಿಬಿಡುತ್ತದೆಂಬ ಭಯ. ಜ್ವರ ಬಂದ ದಿನವೂ ಅವರು ಲೋಕಲ್ ತಪ್ಪಿಸಲಿಲ್ಲ.

ತುಳಸಿ ಮದುವೆಯ ಹೊತ್ತಿಗೆ ಜುಯಿಯ ಪಕ್ಕೆಲುಬು ಮುಚ್ಚಿತು. ಯಶ್ವಂತ್ ಅವಳನ್ನು ಎರಡು ಸುತ್ತು ಸುತ್ತಿ ನೋಡಿ, ಭಟ್ಟಿಯವನಿಗೆ ಫೋನ್ ಮಾಡಿ ಇಲ್ಲವೆಂದರು. ನಿನ್ನೆ ಸಂಜೆ ಡೊಂಬಿವ್ಲಿಯಲ್ಲಿ ಅವಳ ಮೇಲೆ ಮದುಮಗ ಕೂತ.

ಇವತ್ತು ಬೆಳಗ್ಗೆ ಮುಂಗಾಲು ಮುಗಿಸಿ ಕುತ್ತಿಗೆಗೆ ಕೈ ಹಾಕಿದಾಗ ಸಾಬವ್ವನ ಬೆರಳಿಗೆ ಇನ್ನೊಂದು ಸಿಗುತ್ತದೆ. ಜೂಲಿನಲ್ಲಿ ಹಳದಿ. ಚಾಕು ತರುತ್ತಾರೆ. ಚಾಕು ತಾಗುವ ಮೊದಲೇ ಅದು ಜಾರಿ ಅಂಗೈಗೆ ಬೀಳುತ್ತದೆ. ಅಂಟಿಲ್ಲ. ಉಗುರಿನಿಂದ ಒತ್ತುತ್ತಾರೆ, ಮುರಿಯುವುದಿಲ್ಲ. ಬಲ್ಬಿನ ಕೆಳಗೆ ಹಿಡಿದು ನೋಡುತ್ತಾರೆ. ಮುಖ ಅರಳುತ್ತದೆ.

"ಖರೇನ ಅಕ್ಕಿ ಐತಿ!"

ಚಾಕು ಕೆಳಗಿಟ್ಟು, ಆ ಕಾಳನ್ನು ಜುಯಿಯ ನೆತ್ತಿಯ ಕೂದಲೊಳಗೆ ಮತ್ತೆ ಸೇರಿಸುತ್ತಾರೆ.

"ಇದನ್ನ ನಾ ಕೆರ್ಯಾಂಗಿಲ್ಲ."