ಗುಡ್ಡದ ನೆತ್ತಿಯಿಂದ ಕಮಲಾಪುರದ ದಾರಿ

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಸಾಕು, ಕಲಬುರಗಿಯ ನಮ್ಮ ಓಣಿಯ ಹಿಂದಿದ್ದ ಸಣ್ಣ ಗುಡ್ಡ ಕಣ್ಣೆದುರು ನಿಲ್ಲುತ್ತದೆ. ಹೇಳಿಕೊಳ್ಳುವಂಥ ಬೆಟ್ಟವೇನಲ್ಲ, ಕರಿಕಲ್ಲಿನ ದಿಬ್ಬ. ಸಮತಟ್ಟಾದ ನಮ್ಮ ಸೀಮೆಗೆ ಅಷ್ಟು ಎತ್ತರವೇ ಸಾಕಾಗಿತ್ತು. ನೆತ್ತಿಯ ಮೇಲೆ ನಿಂತರೆ ಒಂದು ಕಡೆ ಕೋಟೆಯ ಗೋಡೆ, ಇನ್ನೊಂದು ಕಡೆ ಕೆರೆಯ ನೀರು, ಗುಮ್ಮಟಗಳು; ಅವುಗಳಾಚೆ ಆಕಾಶದ ಅಂಚಿನವರೆಗೆ ಹಾಸಿದ ಕಪ್ಪು ಹೊಲಗಳು, ಅವುಗಳ ನಡುವೆ ಬಳುಕಿ ಬರುವ ಕಮಲಾಪುರದ ದಾರಿ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಅದರ ಮೇಲೆ ಓಡುತ್ತಿದ್ದವು ಎತ್ತಿನ ಗಾಡಿಗಳು ಮಾತ್ರ.

ನನ್ನ ದೊಡ್ಡವ್ವನ ತವರು ಕಮಲಾಪುರ. ಪ್ರತಿ ವರ್ಷ ಶ್ರಾವಣದ ಹೊಸ್ತಿಲಲ್ಲಿ ಅವಳ ಅಣ್ಣ ನಾಗರ ಪಂಚಮಿಗೆ ಕರೆಯಲು ಬರುತ್ತಿದ್ದ. ಗಾಡಿಯ ಕಮಾನಿಗೆ ಕೆಂಪು ಇಳಕಲ್ ಸೀರೆ ಕಟ್ಟಿಕೊಂಡು ಬರುವುದು ಅವರ ಮನೆಯ ಪದ್ಧತಿ. ಮಗಳನ್ನು ಕರೆಯಲು ಹೊರಟ ಗಾಡಿಯೆಂದು ದಾರಿಯವರಿಗೆಲ್ಲ ತಿಳಿಯಬೇಕು. ಆ ಸೀರೆಯನ್ನು ದೂರದಿಂದಲೇ ಕಾಣಲೆಂದು ದೊಡ್ಡವ್ವ ನನ್ನ ಕೈಹಿಡಿದು ಗುಡ್ಡ ಹತ್ತುತ್ತಿದ್ದಳು. ಒಂದು ವರ್ಷ ಮಾತ್ರ ನಮ್ಮ ಅಜ್ಜ ಬಿಗಿಯಾಗಿಬಿಟ್ಟರು. ಬೇಸಿಗೆಯಲ್ಲಿ ನಡೆದ ನಮ್ಮ ಮನೆಯ ಮದುವೆಗೆ ದೊಡ್ಡವ್ವನ ಅಣ್ಣ ಬಂದಿರಲಿಲ್ಲ. ನಾಗರ ಅಮಾವಾಸ್ಯೆಯ ಸಂಜೆ ದೀಪ ಹಚ್ಚುವುದರೊಳಗೆ ಗಾಡಿ ಬಾಗಿಲಿಗೆ ಬಾರದಿದ್ದರೆ ಸೊಸೆಗೆ ಆ ವರ್ಷ ತವರಿಲ್ಲವೆಂದು ಅವರು ಖಂಡಿತವಾಗಿ ನುಡಿದರು.

ಆ ಸಂಜೆ ಜಿನುಗುಮಳೆ. ಹಸಿಗಲ್ಲಿನ ಮೇಲೆ ಕಾಲೂರುತ್ತ ಹತ್ತಿದೆವು. ದಾರಿಯಲ್ಲಿ ಗಾಡಿಗಳು ಬಂದವು, ಹೋದವು. ಯಾವುದರ ಮೇಲೂ ಕೆಂಪು ಕಾಣಲಿಲ್ಲ. ಹೊತ್ತು ಇಳಿಯುತ್ತಿತ್ತು.

"ದೊಡ್ಡವ್ವ, ಸೀರಿ ಇಲ್ಲ. ಮಾವ ಬರಂಗಿಲ್ಲ," ಎಂದೆ.

ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದಳು. "ಸೀರಿ ಯಾಕ ನೋಡ್ತಿ? ಆ ಕಡೀ ಗಾಡಿ ನೋಡವ್ವ. ಎತ್ತಿನ ಮುಂದ ಒಬ್ಬಾಂವ ನಡಕೋತ ಬರಾಕತ್ತಾನ. ಗಾಡ್ಯಾಗ ಬಾಳಿಗೊನಿ ಇದ್ರ ನಮ್ಮಣ್ಣ ಕುಂದ್ರಂಗಿಲ್ಲ. ಹಣ್ಣು ಕಂದ್ತಾವಂತ ದಾರ್ಯಾಗಿನ ಕುಣಿ ನೋಡಿ ನೋಡಿ ಎತ್ತು ನಡಸ್ತಾನ. ನಡಿ, ಇಳಿಯೂಣು!"

ನಾವು ಮನೆ ಮುಟ್ಟಿದ ಹಿಂದೆಯೇ ಗಾಡಿ ಬಂದಿತು. ಅಜ್ಜಿ ದೀಪದ ಬತ್ತಿ ಹೊಸೆಯುತ್ತ, ಬೇಕೆಂದೇ ತಡಮಾಡುತ್ತಿದ್ದಳು. ಮಾವ ಮೊಣಕಾಲವರೆಗೆ ಕೆಸರಾಗಿದ್ದ. ಮಳೆಗೆ ಹೆದರಿ ಕಮಾನಿನ ಸೀರೆಯನ್ನು ಬಿಚ್ಚಿ ಗೊನೆಗಳಿಗೆ ಸುತ್ತಿದ್ದ. ಅಜ್ಜ ಹೊಸ್ತಿಲಲ್ಲಿ ನಿಂತು ಅದನ್ನೇ ನೋಡಿದರು.

"ಏನ್ರಿ ಬೀಗರ, ಬಾಳಿಗೊನಿಗಿ ಇಳಕಲ್ ಸೀರಿ ಉಡಿಸೀರಿ. ಇನ್ನ ತಂಗಿಗಿ ಏನ್ ಉಡಿಸ್ತೀರಿ?"

"ಮೊದಲು ಒಳಗ ಕರೀರಿ ಮಾವಾರ, ಆಮ್ಯಾಲೆ ಹೇಳ್ತೀನಿ."

ಅಜ್ಜನ ಮೀಸೆ ಅಲುಗಿತು. "ಕಾಲಿಗಿ ನೀರು ಕೊಡ್ರಿ," ಎಂದು ಒಳಕ್ಕೆ ಕೂಗಿದರು. ದೊಡ್ಡವ್ವ ಆಗಲೇ ತಂಬಿಗೆ ಹಿಡಿದು ನಿಂತಿದ್ದಳು. ನಡುಮನೆಯಲ್ಲಿ ಬಿಚ್ಚಿದ ಆ ಒದ್ದೆ ಸೀರೆಯಿಂದ ಎದ್ದ ಹಣ್ಣಿನ ಕಂಪು ಇಂದಿಗೂ ನನ್ನ ಬಳಿ ಇದೆ.

ಅಜ್ಜ, ಅಜ್ಜಿ, ದೊಡ್ಡವ್ವ ಯಾರೂ ಈಗಿಲ್ಲ. ಮನೆ ಪಾಲಾಗಿ, ಆ ನಡುಮನೆಯಲ್ಲಿ ಗೋಡೆ ಎದ್ದಿದೆ. ಗುಡ್ಡದ ಅರ್ಧವನ್ನು ಒಡೆದು ಕಟ್ಟಡಗಳಿಗೆ ಒಯ್ದಿದ್ದಾರೆ. ಕಳೆದ ಶ್ರಾವಣದಲ್ಲಿ ಉಳಿದರ್ಧವನ್ನೇ ಹತ್ತಿದೆ. ದಾರಿ ಕಂಡಿತು. ಮೋಟಾರುಗಳು ಕೆಸರು ಚಿಮ್ಮಿಸಿ ಹೋದ ಮೇಲೆ, ಯಾರೋ ಒಬ್ಬರು ಅಂಚಿನಲ್ಲಿ ನಡೆದು ಬರುತ್ತಿದ್ದರು. ನಾನು ಹುಬ್ಬಿಗೆ ಕೈ ಅಡ್ಡ ಹಿಡಿದು, ಅವರು ಊರು ಸೇರುವವರೆಗೂ ನಿಂತಿದ್ದೆ.